ಬಲಗಣ್ಣಿನೊಳಗಿನ ಮೀಟರು

ನನ್ನ ಬಲಗಣ್ಣಿನೊಳಗೆ ಕೂತಿರುವ ಆ ಪುಟ್ಟ ಯಂತ್ರಕ್ಕೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಹಾಗಂತ ಅದು ಬಿಟ್ಟಿ ಬಂತು ಎಂದುಕೊಳ್ಳಬೇಡಿ. ಈಗ ಈ ಮೇಜಿನ ಮುಂದೆ ಕೂತು ಎದುರಿನ ಬಾಗಿಲನ್ನು ನೆಟ್ಟಗೆ ನೋಡಿದರೆ ಚೌಕಟ್ಟಿನ ಮೇಲಿನ ಎಡಮೂಲೆ ನನಗೆ ಕಾಣುವುದಿಲ್ಲ. ಅಲ್ಲಿ ಕತ್ತಲೆಯಿಲ್ಲ, ಮಂಜೂ ಇಲ್ಲ. ಸುತ್ತಲಿನ ಗೋಡೆಯ ಬಣ್ಣವೇ ಹರಿದು ಬಂದು ಆ ಮೂಲೆಯನ್ನು ಮುಚ್ಚಿದೆ. ಅಷ್ಟಗಲದ ನೋಟವೇ ನಾನು ತೆತ್ತ ಬೆಲೆ. ಯಾಕೆ ತೆತ್ತೆ ಎಂದರೆ, ಚೌಕಾಸಿ ಮಾಡಬಾರದ ಜಾಗದಲ್ಲಿ ಚೌಕಾಸಿ ಮಾಡಿದೆ, ಮತ್ತು ಗೆದ್ದೆ.

ನಾನು ಗೊಬ್ಬರದ ವ್ಯಾಪಾರದವಳು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಮಸಿನಗುಡಿಗೆ ಬಂದೆ. ಅಲ್ಲಿ ಬಯಲಿನಲ್ಲಿ ಮೇಯುವ ದನಗಳ ಹಾಲಿಗಿಂತ ಸಗಣಿಗೆ ಹೆಚ್ಚು ಗಿರಾಕಿ ಇದೆ ಎಂಬುದು ಬಂದ ವರ್ಷವೇ ಕಣ್ಣಿಗೆ ಬಿತ್ತು. ಮೇಲೆ ಊಟಿ, ಕೋತಗಿರಿ ಕಡೆಯ ಕ್ಯಾರೆಟ್ ಹೊಲಕ್ಕೂ ಟೀ ತೋಟಕ್ಕೂ ಗೊಬ್ಬರ ಬೇಕು. ಕೆಳಗೆ ದೊಡ್ಡಿಗಳಲ್ಲಿ ಅದು ಬೆಟ್ಟದ ಹಾಗೆ ಬಿದ್ದಿದೆ. ನಡುವೆ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವು. ಆ ತಿರುವುಗಳನ್ನೇ ನಾನು ಬದುಕು ಮಾಡಿಕೊಂಡೆ. ಗಂಡ ಲಾರಿ ಓಡಿಸುತ್ತಿದ್ದರು, ಬೆಲೆ ನಾನು ಮಾತಾಡುತ್ತಿದ್ದೆ. ಅವರು ಹೋದದ್ದೂ ಆ ದಾರಿಯಲ್ಲೇ. ಅಪಘಾತವಲ್ಲ. ಒಂದು ತಿರುವಿನ ಒಳಮಗ್ಗುಲಿಗೆ ಲಾರಿಯನ್ನು ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತೇ ಹೋಗಿದ್ದರು. ಆಮೇಲೆ ನಾನು ಘಾಟಿಯ ಮೇಲ್ತುದಿಗೆ ಬಂದು ಮನೆ ಮಾಡಿದೆ. ಜೊತೆಗೆ ನಾದಿನಿ ಇದ್ದಾಳೆ, ನನ್ನ ಗಂಡನ ತಂಗಿ. ಅಡಿಗೆ, ಹಸು, ಮನೆ ಎಲ್ಲ ಅವಳದು. ನಮ್ಮಿಬ್ಬರ ಮನೆಯಲ್ಲಿ ಮೂರನೆಯವರಿಲ್ಲ.

ಎಡಗಣ್ಣು ಹೋದದ್ದು ಹೇಗೆ ಗೊತ್ತಾಯಿತು ಹೇಳುತ್ತೇನೆ. ಲಾರಿಯಿಂದ ಗೊಬ್ಬರ ಇಳಿಸುವಾಗ ಮಂಕರಿಗೊಂದು, ಅಂದರೆ ಬುಟ್ಟಿಗೊಂದು, ಕಲ್ಲು ಡಬ್ಬಿಗೆ ಹಾಕಿ ಎಣಿಸುವುದು ನಮ್ಮ ಪದ್ಧತಿ. ಒಂದು ದಿನ ಹಾಗೆ ಎಣಿಸುತ್ತಾ ಕೂತಿದ್ದಾಗ ಬಲಗಣ್ಣಿಗೆ ದೂಳು ಬಿತ್ತು. ಸೆರಗಿನಿಂದ ಆ ಕಣ್ಣು ಒತ್ತಿಕೊಂಡು ಎಣಿಕೆ ಮುಂದುವರಿಸಲು ನೋಡಿದರೆ ಎದುರಿಗೆ ಲಾರಿ ಇಲ್ಲ. ಆಳುಗಳಿಲ್ಲ. ಡಬ್ಬಿಗೆ ಕಲ್ಲು ಬೀಳುವ ಸದ್ದು ಮಾತ್ರ ಕೇಳುತ್ತಿದೆ, ಹಾಕುತ್ತಿರುವುದು ನನ್ನದೇ ಕೈ. ಸೆರಗು ತೆಗೆದೆ. ಲಾರಿ ಇತ್ತು. ಮತ್ತೆ ಒತ್ತಿದೆ. ಇರಲಿಲ್ಲ. ಹೀಗೆ ನಾಲ್ಕೈದು ಸಲ ಮಾಡಿದೆ. ಆಳುಗಳು ನನಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು.

ಬೆಟ್ಟದ ಕೆಳಗಿನ ಒಂದು ದೊಡ್ಡ ಕಣ್ಣಾಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ತಮಿಳಿನವರು, ನನ್ನ ಜೊತೆ ಕನ್ನಡ ಬೆರೆಸಿ ಮಾತಾಡುತ್ತಾರೆ.

“ಗ್ಲಾಕೋಮಾ ಅಮ್ಮಾ. ಕಣ್ಣೊಳಗಿನ ಪ್ರೆಶರ್ ಏರಿ ನರ ಸತ್ತಿದೆ. ಎಡಗಣ್ಣು ಹೋಗಿ ಬಹಳ ದಿನ ಆಯ್ತು.”

“ನನ್ ಕಣ್ಣು, ನಂಗೇ ಗೊತ್ತಾಗ್ದಂಗೆ ಹೋಯ್ತಾ?”

“ಬಲಗಣ್ಣು ಆ ಜಾಗ ತುಂಬಿಸಿಕೊಟ್ಟಿದೆ. ಅದಕ್ಕೇ ನಿಮಗೆ ಕೊರತೆ ಗೊತ್ತಾಗಿಲ್ಲ. ಈಗ ಬಲಗಣ್ಣನ್ನ ಉಳಿಸಿಕೊಳ್ಳಬೇಕು. ಅದಕ್ಕೆ ತುಂಬಿಸಿಕೊಡೋಕೆ ಇನ್ನೊಂದು ಇಲ್ಲ.”

ಆ ಮಾತು ಎದೆಯಲ್ಲಿ ಕೂತಿತು. ಗೊಬ್ಬರದ ಬಣ್ಣ, ಹದ, ಅದರಲ್ಲಿ ಮಣ್ಣು ಬೆರೆತಿದೆಯೋ ಇಲ್ಲವೋ, ಎದುರಿನವನ ಮುಖದಲ್ಲಿ ಬೆಲೆ ಇನ್ನೆಷ್ಟು ಇಳಿಸುವ ಗುಣ ಇದೆ, ಎಲ್ಲವನ್ನೂ ನಾನು ಓದಿದ್ದು ಕಣ್ಣಿನಿಂದ. ಶಾಲೆಯಲ್ಲಿ ಓದಿದ್ದು ಕಡಿಮೆ.

ಡ್ರಾಪ್ಸ್ ಹಾಕಿಕೊಂಡೆ. ಆಸ್ಪತ್ರೆಗೆ ಹೋದಾಗಲೆಲ್ಲ ಪ್ರೆಶರ್ ಸರಿಯಾಗೇ ಇರುತ್ತಿತ್ತು. ಆದರೂ ಒಳಗಿನ ನರ ಸವೆಯುತ್ತಲೇ ಇತ್ತು.

“ನೀವು ಇಲ್ಲಿ ಬಂದಾಗ ಒಳ್ಳೆಯವರಾಗಿ ಇರ್ತೀರಿ,” ಎಂದರು ಡಾಕ್ಟರಮ್ಮ. “ಮನೇಲಿ ಯಾವಾಗಲೋ ಏರ್ತಾ ಇದೆ. ಯಾವ ಹೊತ್ತು ಅಂತ ಹಿಡೀಬೇಕು.”

ಹಿಡಿಯಲು ಅವರ ಬಳಿ ಒಂದು ಹೊಸ ಸೆನ್ಸರ್ ಇತ್ತು. ಅದಿನ್ನೂ ಅಂಗಡಿಗೆ ಬಂದ ಮಾಲಲ್ಲ, ಪರೀಕ್ಷೆಗೆ ಒಪ್ಪಿದ ಕೆಲವರಿಗೆ ಮಾತ್ರ ಹಾಕುತ್ತಿದ್ದರು. ಅಕ್ಕಿಯ ನುಚ್ಚಿಗಿಂತ ಸಣ್ಣದು. ಕಣ್ಣೊಳಗೆ ಕೂತು ಪ್ರೆಶರ್ ಅಳೆಯುತ್ತದೆ. ಬ್ಯಾಟರಿ ಇಲ್ಲ, ವೈರಿಲ್ಲ. ರೆಪ್ಪೆ ಬಡಿದಾಗ, ಗುಡ್ಡೆ ಹೊರಳಿದಾಗ ಹುಟ್ಟುವ ಕಿಂಚಿತ್ ಒತ್ತಡವನ್ನೇ ಕರೆಂಟು ಮಾಡಿಕೊಂಡು ಓಡುತ್ತದೆ.

“ನಿದ್ದೆ ಮಾಡಿದಾಗ ರೆಪ್ಪೆ ಬಡಿಯಲ್ವಲ್ಲ?” ಎಂದೆ.

“ನಿದ್ದೇಲೂ ಮುಚ್ಚಿದ ರೆಪ್ಪೆ ಕೆಳಗೆ ಕಣ್ಣು ಓಡಾಡ್ತಾ ಇರ್ತದೆ ಅಮ್ಮಾ. ಕನಸು ಬಿದ್ದಾಗ ಜಾಸ್ತಿ. ಅಷ್ಟು ಸಾಕು ಅದಕ್ಕೆ.”

ನಾನು ಕನಸು ಕಂಡದ್ದನ್ನು ನನಗಿಂತ ಮೊದಲು ಅದು ಬರೆದಿಟ್ಟುಕೊಳ್ಳುತ್ತದೆ ಎಂದುಕೊಂಡು ಒಮ್ಮೆ ಹಿಂಜರಿದೆ. ಆದರೆ ವ್ಯಾಪಾರದ ಬುದ್ಧಿ ಸುಮ್ಮನಿರಬೇಕಲ್ಲ. ರೋಗಿಗಳಿಗೆ ನಂಬರು ತೋರಿಸುವುದಿಲ್ಲ, ನೋಡಿದರೆ ಗಾಬರಿಯಾಗಿ ಏನೇನೋ ಮಾಡಿಕೊಳ್ಳುತ್ತಾರೆ ಎಂದರು. ನಾನು ಎದ್ದು ನಿಂತೆ. “ನನ್ ಕಣ್ಣಿನ ಲೆಕ್ಕ ನಂಗೇ ತೋರ್ಸಲ್ಲ ಅಂದ್ರೆ ಬ್ಯಾಡ ಬುಡಿ.” ಬಾಗಿಲ ತನಕ ನಡೆದೆ. ಬಾಗಿಲ ತನಕ ನಡೆಯುವುದು ನನ್ನ ಹಳೆಯ ವಿದ್ಯೆ. ಅವರು ಕರೆದರು. ಮೇಲಿನವರನ್ನು ಕೇಳಿ ಒಪ್ಪಿಗೆ ತಂದರು. ಅವರ ಕಡೆಯಿಂದ ಒಂದೇ ಷರತ್ತು: ಸೆನ್ಸರಿನ ಲೆಕ್ಕ ಓದುವ ರೀಡರ್ ಯಂತ್ರ ಎಲ್ಲಿ ಹೋದರೂ ನನ್ನ ಜೊತೆಯಲ್ಲೇ ಇರಬೇಕು, ಕೊರಳಿಗೆ ಹಾಕಿಕೊಂಡು. ಹೂಂ ಎಂದು ಸಹಿ ಹಾಕಿದೆ. ಸೂಜಿಯಲ್ಲೇ ಸೆನ್ಸರನ್ನು ಬಲಗಣ್ಣಿನೊಳಗೆ ಕೂರಿಸಿದರು.

ಮನೆಗೆ ಬಂದ ದಿನವೇ ನಾದಿನಿ ರೀಡರ್ ನೋಡಿ ಕಣ್ಣು ಅರಳಿಸಿದಳು. “ಅತ್ಗೆ, ಇಷ್ಟ್ ಬೆಲೆ ಬಾಳೋದ್ನ ಗೊಬ್ಬರದ ದೂಳಲ್ಲಿ ನೇತಾಕ್ಕೊಂಡ್ ಹೋದೀಯಾ? ಬಿದ್ ಒಡೆದ್ರೆ?”

ಮಾತು ಸರಿ ಅನಿಸಿತು. ನಮ್ಮಂಥವರ ಕೈಗೆ ಬೆಲೆಬಾಳುವ ವಸ್ತು ಬಂದರೆ ಅದಕ್ಕೊಂದೇ ಜಾಗ. ಹಳದಿ ಬಟ್ಟೆಯಲ್ಲಿ ಸುತ್ತಿ, ಕಿವಿಯೋಲೆ, ಮನೆಪತ್ರಗಳ ಜೊತೆ ಟ್ರಂಕಿನಲ್ಲಿಟ್ಟೆ. ಸಂಜೆ ಬಂದು ತೆಗೆದು, ಕಣ್ಣಿಗೆ ಹಿಡಿದು, ದಿನದ ಲೆಕ್ಕ ಓದಿಸಿದರಾಯಿತು ಎಂದುಕೊಂಡೆ.

ಮಸಿನಗುಡಿಗೆ ಹೋಗಿ ಬಂದ ಮೊದಲ ಸಂಜೆ ರೀಡರನ್ನು ಕಣ್ಣಿನ ಮುಂದೆ ಹಿಡಿದೆ. ಪರದೆಯ ಮೇಲೆ ಗಂಟೆಯ ಜೊತೆ ನಂಬರುಗಳು ಬಂದವು. ಬೆಳಿಗ್ಗೆ ಹದಿನೈದು. ಘಾಟಿ ಇಳಿಯಲು ಹಿಡಿದ ಹೊತ್ತಿಗೆ ಇಪ್ಪತ್ತೆರಡು, ಮೂವತ್ತು, ನಲವತ್ತು. ಎಪ್ಪತ್ತು. ಮಸಿನಗುಡಿ ತಲುಪಿದಾಗ ನೂರು ದಾಟಿತ್ತು. ಇಪ್ಪತ್ತೊಂದು ದಾಟಿದರೇ ಫೋನು ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದರು. ದೊಡ್ಡಿಯಲ್ಲಿ ಇದ್ದಷ್ಟು ಹೊತ್ತೂ ಅದು ಅಲ್ಲೇ ಕೂತಿತ್ತು. ವಾಪಸು ಹತ್ತುವಾಗ ಒಂದೊಂದೇ ಮೆಟ್ಟಿಲು ಇಳಿದು, ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ಹದಿನೈದು. ನೋವಿಲ್ಲ, ಉರಿಯಿಲ್ಲ. ತಿರುವು ತಿರುವಿಗೂ ಯಾರೋ ಹೆಬ್ಬೆರಳಿಟ್ಟು ಒತ್ತುತ್ತಾ ಹೋಗಿ, ಬರುವಾಗ ಒಂದೊಂದೇ ತಿರುವಿಗೆ ಸಡಿಲಿಸಿದ ಹಾಗೆ.

ಎರಡನೆಯ ಸಲವೂ ಹಾಗೇ. ಮೂರನೆಯ ಸಲವೂ.

“ಅಣ್ಣ ಹೋದ ದಾರಿ ಅದು,” ಎಂದಳು ನಾದಿನಿ, ಮೆಲ್ಲಗೆ.

“ನಿಮ್ಮಣ್ಣ ಇದ್ದಾಗ್ಲೇ ನನ್ನ ಒತ್ತಾಯ ಮಾಡ್ದೋರಲ್ಲ. ಈಗ್ ಬಂದು ಒತ್ತುತಾರಾ? ಸುಮ್ನಿರು.”

ಬಾಯಲ್ಲಿ ಹಾಗಂದರೂ, ಅವಳು ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಾಗ ಬೇಡ ಅನ್ನಲಿಲ್ಲ. ಕೆಂಡಕ್ಕೆ ಹಾಕಿದ ಮೆಣಸಿನಕಾಯಿಯಿಂದ ಸ್ವಲ್ಪವೂ ಘಾಟು ಬರಲಿಲ್ಲ. ದೃಷ್ಟಿ ತಾಗಿದ್ದರೆ ಘಾಟು ಬರದು ಅನ್ನುತ್ತಾರೆ. ನಾನು ಮಸಿನಗುಡಿಗೆ ಹೋಗುವುದನ್ನು ನಿಲ್ಲಿಸಿದೆ. ಡಾಕ್ಟರಮ್ಮನಿಗೆ ಫೋನು ಮಾಡಲಿಲ್ಲ. ಮಾಡಿದರೆ ರೀಡರ್ ಎಲ್ಲಿತ್ತು ಎಂದು ಕೇಳುತ್ತಿದ್ದರು.

ವಾರಗಟ್ಟಲೆ ಮನೆಯಲ್ಲೇ ಕೂತು ಫೋನಿನಲ್ಲೇ ವ್ಯಾಪಾರ ಮಾಡಿದೆ. ಆಗ ಇನ್ನೊಂದು ಕಂಡಿತು. ಮನೆಯಲ್ಲೇ ಇದ್ದರೂ ಮಧ್ಯಾಹ್ನ ಎರಡರಿಂದ ಮೂರರ ನಡುವೆ ಪ್ರೆಶರ್ ಏರುತ್ತಿತ್ತು. ನೂರಲ್ಲ, ಮೂವತ್ತು ನಲವತ್ತರ ತನಕ. ಆಮೇಲೆ ಇಳಿಯುತ್ತಿತ್ತು. ದಿನಾ. ಆ ಹೊತ್ತಿಗೆ ನಮ್ಮ ಕಡೆ ಮಂಜು ಕೆಳಗಿನಿಂದ ಎದ್ದು ಬಂದು ಕಿಟಕಿಗೆ ಅಂಟುತ್ತದೆ. ನಾನು ಬಾಗಿಲಿಗೆ ಮುಖ ಮಾಡಿ ಇದೇ ಮೇಜಿನ ಮುಂದೆ ಒಬ್ಬಳೇ ಕೂತಿರುತ್ತೇನೆ.

ಅಷ್ಟರಲ್ಲಿ ಫೋನಿನ ವ್ಯಾಪಾರದ ಗುಣ ಬಯಲಿಗೆ ಬಂತು. ಕೋತಗಿರಿ ಕಡೆಯ ಕೂಕಲ್ತೊರೈ ಊರಿನ ಹಳೆಯ ಗಿರಾಕಿ, ಬೆಟ್ಟದ ಬಡಗ ಜನದ ಗೌಡರು, ಸಿಟ್ಟಾಗಿ ಮನೆಗೇ ಬಂದರು. ಕಳಿಸಿದ ಲೋಡಿನಲ್ಲಿ ಅರ್ಧ ಕೆಮ್ಮಣ್ಣು. ಅವರು ತಮ್ಮ ಬಡಗ ಮಾತಿಗೆ ಕನ್ನಡ ಬೆರೆಸಿ ನನ್ನೊಡನೆ ಮಾತಾಡುತ್ತಾರೆ.

“ಅಕ್ಕ, ಆಟೋಗೇ ಮೀಟರು ಓಡದ ಊರಲ್ಲಿ ನೀ ಕಣ್ಣಿಗೆ ಮೀಟರು ಹಾಕ್ಸಿದ್ದೀಯಂತೆ! ಮೀಟರು ಇದ್ದೂ ಮಣ್ಣು ಕಾಣಲಿಲ್ಲವಾ?”

“ಫೋನಲ್ಲಿ ಮಣ್ಣು ಎಲ್ಲಿ ಕಾಣ್ತದೆ ಗೌಡ್ರೆ?”

“ಹಾಗಾದ್ರೆ ಬಾ, ಇಳಿಯೋಣ. ನಾನೂ ಬತ್ತೆ. ನಿನ್ನ ಕಣ್ಣಲ್ಲಿ ನೋಡಿ ಎತ್ತಿದ ಲೋಡು ಆದ್ರೆ ಮಾತ್ರ ನನಗೆ ಬೇಕು.”

ಗಿರಾಕಿ ಎದುರು ಹೆದರಿಕೆ ತೋರಿಸುವ ಅಭ್ಯಾಸ ನನಗಿಲ್ಲ. ಲಾರಿ ಹತ್ತಿದೆ. ಗೌಡರು ಬಾಟಲಿಯ ನೀರು ಕುಡಿದು ಮುಗಿಸಿ, ಮುಚ್ಚಳ ಬಿಗಿ ಮಾಡಿ, ಡ್ಯಾಶ್‌ಬೋರ್ಡಿನ ಮೇಲೆ ಮಲಗಿಸಿದರು. ತಿರುವುಗಳು ಶುರುವಾದವು. ನಾನು ಬಲಗಣ್ಣಿನ ಮೇಲೆ ಗಮನ ಇಟ್ಟು ಕೂತಿದ್ದೆ. ಹತ್ತು ಹನ್ನೆರಡು ತಿರುವು ಆಗಿರಬೇಕು, ಟಕ್ ಎಂದಿತು. ಬಾಟಲಿಯ ಹೊಟ್ಟೆ ಒಳಕ್ಕೆ ಹೋಗಿತ್ತು. ಯಾರೂ ಮುಟ್ಟಿರಲಿಲ್ಲ. ಇನ್ನೆರಡು ತಿರುವಿಗೆ ಮತ್ತೆ ಟಕ್. ನನ್ನ ಗಂಡ ಲಾರಿ ನಿಲ್ಲಿಸಿದ್ದ ತಿರುವು ಬಂತು. ಅಲ್ಲಿ ಬಾಟಲಿ ನಡು ಮುರಿದುಕೊಂಡು, ಕಾಣದ ಮುಷ್ಟಿಯೊಳಗೆ ಸಿಕ್ಕಿದ ಹಾಗೆ, ನನ್ನ ಕಡೆಗೆ ಉರುಳಿತು. ನಾನು ಕಿರುಚಿದೆನಂತೆ. ಡ್ರೈವರು ಬ್ರೇಕ್ ಹಾಕಿದ.

ಗೌಡರು ಬಾಟಲಿ ಎತ್ತಿಕೊಂಡು ನಕ್ಕರು. “ಗಾಳಿ ಅಕ್ಕ! ಇಷ್ಟು ವರ್ಷ ಇಳಿದು ಹತ್ತಿ ಇದು ನೋಡಿಲ್ಲವಾ? ಮೇಲಿನ ಗಾಳಿ ತೆಳು, ಕೆಳಗಿನದು ದಪ್ಪ. ಬಾಟಲಿ ಒಳಗೆ ಊಟಿ ಗಾಳಿ, ಹೊರಗೆ ಮಸಿನಗುಡಿ ಗಾಳಿ. ಹೊರಗಿನದು ಒತ್ತುತದೆ.”

“ನನ್ ಕಣ್ಣನ್ನೂ ಹಂಗೇ ಒತ್ತುತದಾ?”

“ಕಣ್ಣೇನು ಖಾಲಿ ಬಾಟಲಿಯಾ? ಮಸಿನಗುಡಿ ಜನಕ್ಕೆಲ್ಲ ಕಣ್ಣು ನಜ್ಜಿದೆಯಾ?”

ಯಂತ್ರ ಕೊಡುವಾಗ ಡಾಕ್ಟರಮ್ಮ ಗಾಳಿಯ ಬಗ್ಗೆ ಏನೋ ಹೇಳಿದ್ದರ ಅರ್ಥ ಆಗ ಹೊಳೆಯಿತು. ಸೆನ್ಸರ್ ಹೊರಗಿನ ಗಾಳಿಯ ಭಾರವನ್ನೂ ಸೇರಿಸಿ ಅಳೆಯುತ್ತದೆ. ಆ ಗಾಳಿಯನ್ನು ಕಳೆದು, ಕಣ್ಣಿನದು ಮಾತ್ರ ತೋರಿಸುವ ಕೆಲಸ ರೀಡರಿನದು. ರೀಡರ್ ಟ್ರಂಕಿನೊಳಗೆ ಓಲೆಯ ಪಕ್ಕದಲ್ಲಿ ಊಟಿಯ ಗಾಳಿ ತೂಗುತ್ತಾ ಕೂತಿದ್ದರೆ, ಮಸಿನಗುಡಿಯ ಗಾಳಿಯೆಲ್ಲ ನನ್ನ ಕಣ್ಣಿನ ಲೆಕ್ಕಕ್ಕೆ ಬೀಳುತ್ತದೆ. ಕೊರಳಿಗೆ ಹಾಕಿಕೊಳ್ಳಿ ಎಂದದ್ದು ಅದಕ್ಕೆ. ಮರುವಾರ ಕೊರಳಿಗೆ ಹಾಕಿಕೊಂಡೇ ಇಳಿದೆ. ಹದಿನೈದು, ಹದಿನಾರು. ಅಷ್ಟೇ.

ಇಲ್ಲಿಯ ತನಕ ನಾನು ಮಾಡಿದ್ದು ದಡ್ಡತನ. ಮುಂದಿನದು ಬುದ್ಧಿವಂತಿಕೆ, ನನಗೆ ಪೆಟ್ಟು ಕೊಟ್ಟದ್ದು ಅದೇ.

ಮೂರು ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನನ್ನ ಪ್ರೆಶರಿನ ಗೆರೆ ನೋಡಿ ಹುಬ್ಬು ಗಂಟು ಹಾಕಿದರು. ಘಾಟಿಯ ನೂರು ಕಂಡ ಕೂಡಲೇ, “ರೀಡರ್ ಬಿಟ್ಟು ಹೋಗಿದ್ರಾ?” ಎಂದರು. ಹೂಂ, ಮರೆತಿದ್ದೆ ಎಂದೆ. ಆಮೇಲೆ ಅವರ ಬೆರಳು ಮಧ್ಯಾಹ್ನದ ಏರಿನ ಮೇಲೆ ನಿಂತಿತು.

“ಇದು ನಿಜವಾದ ಏರಿಕೆ ಆದ್ರೆ ಆಪರೇಷನ್ ಬಗ್ಗೆ ಯೋಚಿಸಬೇಕಾಗ್ತದೆ ಅಮ್ಮಾ.”

ಇದ್ದದ್ದು ಒಂದೇ ಕಣ್ಣು. ಅದರ ಮೇಲೆ ಕತ್ತಿ ಎಂದ ಕೂಡಲೇ ನನ್ನೊಳಗಿನ ವ್ಯಾಪಾರಿ ಎದ್ದು ಕೂತಳು. “ಅಯ್ಯೋ, ಅದೂ ಗಾಳೀದೇ ಡಾಕ್ಟರಮ್ಮ. ಮಧ್ಯಾಹ್ನ ಊಟ ಆದ್ಮೇಲೆ ಕಲ್ಲಟ್ಟಿ ತನಕ ಇಳ್ದು ಬತ್ತೀನಿ ದಿನಾ, ರೀಡರ್ ಮನೇಲಿ ಬುಟ್ಟು. ಕಾಲು ಘಾಟಿಗೆ ಕಾಲು ಏರಿಕೆ. ಲೆಕ್ಕ ಸರಿಯಾಯ್ತಲ್ಲ?” ಬಾಟಲಿಯ ಕತೆ ಹೇಳಿದೆ. ಅವರು ನಕ್ಕರು. ದಿನಾ ಹೋಗಿದ್ದು ಖಂಡಿತವೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಕಣ್ಣು ಮಿಟುಕಿಸದೆ ಹೂಂ ಎಂದೆ. ಆ ದಿನಗಳನ್ನು ಲೆಕ್ಕದಿಂದ ಬಿಟ್ಟರು. ನಾನು ಗೆದ್ದು ಮನೆಗೆ ಬಂದೆ. ಅವತ್ತಿನಿಂದ ಮಧ್ಯಾಹ್ನ ಊಟ ಆದ ಮೇಲೆ ರೀಡರಿನ ಗುಂಡಿ ಒತ್ತಿ ಅದನ್ನು ಆರಿಸಿಬಿಡುತ್ತಿದ್ದೆ, ಮತ್ತೆ ಆ ಮಾತು ಏಳದಿರಲಿ ಎಂದು. ಆರಿಸಿಟ್ಟ ಹೊತ್ತಿನ ನಂಬರನ್ನು ಅದು ತೋರಿಸುವುದಿಲ್ಲ. ಏರಿಕೆ ಗಾಳಿಯದೇ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೆಂದರೆ ಕೊನೆಗೆ ನಂಬಿಯೂ ಬಿಟ್ಟೆ.

ಎರಡು ತಿಂಗಳು ಕಳೆಯಿತು. ಒಂದು ಸಂಜೆ ನಾದಿನಿ ಬಾಗಿಲ ಹೊರಗೆ ನೀಲಗಿರಿ ಮರದ ಸೊಪ್ಪಿನ ಕಂತೆಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು. ಅವಳ ಮುಖ ಕಂಡಿತು, ಕಂತೆ ಕಾಣಲಿಲ್ಲ. ಎತ್ತಿದ ಅವಳ ಕೈ ಮಣಿಕಟ್ಟಿನವರೆಗೆ ಬಂದು ಗೋಡೆಯೊಳಗೆ ಹೋಗಿತ್ತು. “ಕಂತೆ ಎಲ್ಲಿ?” ಎಂದೆ. “ತಲೆ ಮ್ಯಾಲೇ ಅದಲ್ಲ ಅತ್ಗೆ,” ಎಂದಳು. ಅವಳು ಒಂದು ಹೆಜ್ಜೆ ಒಳಗಿಟ್ಟಾಗ ಗೋಡೆಯ ಸುಣ್ಣದೊಳಗಿಂದ ಸೊಪ್ಪು ಹೊರಗೆ ಬಂತು.

ಮಾರನೆಯ ದಿನವೇ ಆಸ್ಪತ್ರೆ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಟ್ಟು, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ನಡುನಡುವೆ ಬಹಳ ಹೊತ್ತು ಬೆಳಕೇ ಬರಲಿಲ್ಲ. ಕರೆಂಟು ಹೋಯಿತೇ ಎಂದು ಕೇಳಿದೆ. ಇಲ್ಲ, ಚುಕ್ಕಿಗಳು ಬರುತ್ತಲೇ ಇವೆ ಎಂದರು.

ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಟ್ರಂಕು, ಸುಳ್ಳು, ಆರಿಸಿದ ಗುಂಡಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆನ್ಸರಿನೊಳಗೆ ಉಳಿದಿದ್ದ ಲೆಕ್ಕವನ್ನೆಲ್ಲ ಹೊರತೆಗೆದು ತೋರಿಸಿದರು.

“ಮಧ್ಯಾಹ್ನ ಘಾಟಿಗೆ ಹೋಗಿಲ್ಲ?”

“ಇಲ್ಲ.”

“ಮನೇಲೇ ಇದ್ರಿ?”

“ಮನೇಲೇ.”

“ಹಾಗಾದ್ರೆ ನೋಡಿ. ಇದು ಮೆಲ್ಲಗೆ ಏರೋ ಗೆರೆ ಅಲ್ಲ. ಕೈ ಇಟ್ಟ ಹಾಗೆ ಏರ್ತದೆ, ಕೈ ತೆಗೆದ ಹಾಗೆ ಇಳೀತದೆ. ಆ ಹೊತ್ತಿಗೆ ನಿಮ್ಮ ಕಣ್ಣನ್ನ ಯಾವುದೋ ಒತ್ತುತಾ ಇದೆ ಅಮ್ಮಾ. ಏನು ಮಾಡ್ತೀರಿ ಆಗ? ಮಲಗ್ತೀರಾ?”

“ಹಗಲು ಮಲಗೋ ಅಭ್ಯಾಸ ನಂಗಿಲ್ಲ.”

ಈ ಸಲ ನಾನು ಬೇಕೆಂದು ಸುಳ್ಳು ಹೇಳಲಿಲ್ಲ. ಹಗಲು ನಿದ್ದೆ ಮಾಡದವಳು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದವಳು. ನಾದಿನಿಯೂ ಸಾಕ್ಷಿ. ದಿನಾ ಆ ಹೊತ್ತಿಗೆ ಬಾಗಿಲ ಮುಂದೆ ಹಾದು ಹೋಗುತ್ತಾಳೆ.

ಮನೆಗೆ ಬಂದು ನಾದಿನಿಗೆ ಹೇಳಿದೆ: “ನಾಳೆ ಊಟ ಆದ್ಮೇಲೆ ನನ್ ಎದುರಿಗೇ ಕೂತ್ಕೋ. ಏನ್ ಬಂದ್ರೂ ಏಳಬ್ಯಾಡ. ನೋಡು.”

“ಏನ್ ಬತ್ತದೆ ಅತ್ಗೆ?” ಎಂದಳು. ನನಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಅವಳು ಎದುರಿಗೆ ಮಣೆ ಹಾಕಿಕೊಂಡು ಕೂತಳು. ನಾನು ಮೇಜಿಗೆ ಕೈ ಊರಿ ಕೂತೆ. ಕೊರಳಲ್ಲಿ ರೀಡರ್. ಗಡಿಯಾರ ಎರಡು ತೋರಿಸುತ್ತಿತ್ತು. ಮಂಜು ಬಂದು ಕಿಟಕಿ ಬೆಳ್ಳಗಾಯಿತು. ಇವತ್ತು ರೆಪ್ಪೆ ಬಡಿಯದೆ ಕಾಯುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಭುಜದ ಮೇಲೆ ಅವಳ ಕೈ ಬಿತ್ತು.

“ಏನು? ಇನ್ನೂ ಏನೂ ಬಂದಿಲ್ವಲ್ಲ?”

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಗಡಿಯಾರ ನೋಡಿದೆ. ಮೂರಕ್ಕೆ ಹತ್ತು ನಿಮಿಷ.

“ನೀ ನಿದ್ದೆ ಮಾಡ್ದೆ ಕಣತ್ಗೆ.”

“ಸುಳ್ಳು.”

“ನಿನ್ನಾಣೆ. ಕೂತ ಗಳಿಗೆಗೇ ಬಲಗಡೆ ಮೊಣಕೈ ಮಡಚಿ, ಮುಷ್ಟಿ ಮ್ಯಾಲೆ ಬಲಗಣ್ಣು ಇಟ್ಟು ಒರಗಿದೆ. ಎಡಗಣ್ಣು…” ಅವಳು ಬಾಗಿಲ ಕಡೆ ತಿರುಗಿ ನೋಡಿದಳು. “ಎಡಗಣ್ಣು ತೆಗೆದೇ ಇತ್ತು. ಬಾಗಿಲ ಕಡೆ ನೋಡ್ಕೊಂಡು. ಅತ್ಗೆ ಅಂದೆ, ಉತ್ರ ಇಲ್ಲ. ಗೊರಕೆ ಬತ್ತಾ ಅದೆ, ಕಣ್ಣು ನೋಡ್ತಾ ಅದೆ. ಆಮೇಲೆ ಅದು ಓಡಾಡಕ್ಕೆ ಶುರುವಾಯ್ತು. ಈ ಕಡೆಯಿಂದ ಆ ಕಡೆಗೆ, ಮತ್ತೆ ಈ ಕಡೆಗೆ. ಯಾರೋ ಏನೋ ಹೊತ್ಕೊಂಡು ಹೋಯ್ತಾ ಅವ್ರೆ, ನೀ ನೋಡ್ತಾ ಇದ್ದೀಯ, ಹಂಗೆ.”

ಯಾರು ಏನು ಹೊತ್ತುಕೊಂಡು ಹೋಗುತ್ತಿದ್ದರು ಎಂದು ನನಗೆ ಗೊತ್ತಾಯಿತು. ಲಾರಿಯಿಂದ ತಿಪ್ಪೆಗೆ, ತಿಪ್ಪೆಯಿಂದ ಲಾರಿಗೆ. ಮಂಕರಿ.

ವ್ಯಾಪಾರ ಶುರು ಮಾಡಿದ ಕಾಲದಲ್ಲಿ ಬೆಳಗಿನ ಜಾವಕ್ಕೆ ಎದ್ದು ಲೋಡು ತುಂಬಿಸಿ, ಮೇಲೆ ತಂದು, ಮಧ್ಯಾಹ್ನ ಇಳಿಸುವ ಹೊತ್ತಿಗೆ ನಿದ್ದೆ ಎಳೆಯುತ್ತಿತ್ತು. ಹೆಂಗಸು ಮಲಗಿದಳು ಎಂದು ಕಂಡರೆ ಮಂಕರಿಯ ಎಣಿಕೆ ತಪ್ಪಿಸುತ್ತಿದ್ದರು. ಅದಕ್ಕೆ ಒಂದು ಉಪಾಯ ಕಲಿತೆ. ಬಲಗಣ್ಣನ್ನು ಮುಷ್ಟಿಯ ಮೇಲೆ ಒತ್ತಿ ಮಲಗಿಸುವುದು, ಎಡಗಣ್ಣನ್ನು ಅರ್ಧ ತೆರೆದು ಕಾವಲಿಗೆ ಬಿಡುವುದು. ಎರಡೇ ನಿಮಿಷ ಅನ್ನುತ್ತಿದ್ದೆ. ಅದು ನಿದ್ದೆ ಎಂದು ನಾನು ಯಾವತ್ತೂ ಲೆಕ್ಕ ಹಿಡಿಯಲಿಲ್ಲ. ಆಳುಗಳು ನನಗೆ ಹೆದರುತ್ತಿದ್ದರು. ಆಮೇಲೆ ಎಡಗಣ್ಣು ಸತ್ತಿತು. ಆದರೆ ಅದಕ್ಕೆ ಕೊಟ್ಟ ಕೆಲಸವನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. 

ಆ ಸಂಜೆ ರೀಡರ್ ಹಿಡಿದಾಗ ಮಧ್ಯಾಹ್ನದ ನಂಬರುಗಳು ಒತ್ತೊತ್ತಾಗಿ ಬಂದಿದ್ದವು. ಕುರುಡು ಕಣ್ಣು ಹೊರಳಿದಾಗ ಜೊತೆಗೆ ಮುಷ್ಟಿಯ ಕೆಳಗೆ ಬಲಗಣ್ಣೂ ಹೊರಳುತ್ತಿತ್ತು. ಹೊರಳಿದಷ್ಟೂ ಸೆನ್ಸರಿಗೆ ಕರೆಂಟು, ಕರೆಂಟು ಸಿಕ್ಕಷ್ಟೂ ನಂಬರು. ಇಲ್ಲದ ಮಂಕರಿಗಳನ್ನು ನಾನು ಎಣಿಸುತ್ತಿದ್ದೆ, ಆ ಎಣಿಕೆಯಿಂದ ಅದು ಓಡುತ್ತಿತ್ತು, ನನ್ನ ಮುಷ್ಟಿ ನನ್ನ ಕಣ್ಣನ್ನು ಒತ್ತುವುದನ್ನು ಬರೆದುಕೊಳ್ಳುತ್ತಿತ್ತು.

ನಾದಿನಿ ರೀಡರನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು: “ಹಂಗಾದ್ರೆ ಇಷ್ಟ್ ವರ್ಸ ನಾ ಮಧ್ಯಾಹ್ನ ಬೆಲ್ಲದ ಡಬ್ಬಿ ತೆಗೆಯೋವಾಗೆಲ್ಲ ನೀ ನೋಡ್ತಾ ಇರ್ಲಿಲ್ವಾ?”

“ಯಾವ್ ಬೆಲ್ಲ?”

“ಅಯ್ಯೋ ನನ್ ಶಿವನೆ. ದಿನಾ ದುರುಗುಟ್ಕೊಂಡು ನೋಡ್ತಾಳೆ, ಆದ್ರೂ ಒಂದ್ ಮಾತು ಅನ್ನಲ್ಲ, ಎಷ್ಟ್ ಒಳ್ಳೇಳು ನಮ್ಮತ್ಗೆ ಅಂದ್ಕೊಂಡಿದ್ನಲ್ಲ!”

ಇಬ್ಬರೂ ನಕ್ಕೆವು. ನಗುವಾಗಲೂ ಅವಳು ನನ್ನ ಎಡಗಣ್ಣಿನ ಕಡೆ ನೋಡಲಿಲ್ಲ.

ಡಾಕ್ಟರಮ್ಮ ಬಲಗಣ್ಣಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳ ಕೊಟ್ಟರು. ಮಲಗುವಾಗ ಅದನ್ನು ಕಟ್ಟಿಕೊಂಡು, ತಲೆ ಎತ್ತರಿಸಿ, ಅಂಗಾತ ಮಲಗಬೇಕು. ಡ್ರಾಪ್ಸ್ ಒಂದು ಹೆಚ್ಚಾಯಿತು. ಆಪರೇಷನ್ ಸದ್ಯಕ್ಕೆ ಬೇಡ ಎಂದರು. ಈಗ ನಾನು ಊಟ ಆದ ಮೇಲೆ ಹಾಸಿಗೆ ಹಾಸಿಕೊಂಡು, ಊರಿಗೆಲ್ಲ ಗೊತ್ತಾಗುವ ಹಾಗೆ ಮಲಗುತ್ತೇನೆ. ಎಡಗಣ್ಣಿನ ರೆಪ್ಪೆಯನ್ನು ಮುಚ್ಚಿ ನಾದಿನಿ ಕಾಗದದ ಪ್ಲಾಸ್ಟರ್ ಅಂಟಿಸುತ್ತಾಳೆ, ಅಂಟಿಸಿ ಬೆಲ್ಲದ ಡಬ್ಬಿಗೆ ಹೋಗುತ್ತಾಳೆ. ಮಧ್ಯಾಹ್ನದ ಗೆರೆ ಈಗ ನೆಲದ ಹಾಗೆ ಸಮ. ಕಳೆದ ಎರಡು ಸಲ ಬೋಗುಣಿ ಯಂತ್ರದ ಪರೀಕ್ಷೆಯಲ್ಲಿ ಹೊಸದಾಗಿ ಏನೂ ಹೋಗಿಲ್ಲ. ಹೋದ ಮೂಲೆ ಬರುವುದಿಲ್ಲ. ಆದರೆ ನಂಬರುಗಳು ಮಾತ್ರ ಎರಡರಿಂದ ಮೂರರ ನಡುವೆ ಈಗಲೂ ಒತ್ತೊತ್ತಾಗೇ ಬರುತ್ತವೆ. ಮುಚ್ಚಿದ ರೆಪ್ಪೆಯ ಕೆಳಗೆ ಎಣಿಕೆ ನಿಂತಿಲ್ಲ.

ಈಗ ನಿಮಗೆ ನಾಲ್ಕು ಮಾತು, ಕೇಳಿದರೆ ನಿಮಗೇ ಲಾಭ. ವಾರಕ್ಕೊಂದು ಸಲ, ಒಂದೇ ಜಾಗದಲ್ಲಿ ಕೂತು, ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ನಾಲ್ಕು ಮೂಲೆಯೂ ಕಂಡವೇ ನೋಡಿಕೊಳ್ಳಿ. ಎರಡೂ ಕಣ್ಣು ಬಿಟ್ಟು ನೋಡಿ ಸರಿಯಿದೆ ಅನ್ನಬೇಡಿ, ಒಂದರ ಸುಳ್ಳನ್ನು ಇನ್ನೊಂದು ಮುಚ್ಚುತ್ತದೆ. ಇದರಿಂದಲೂ ಎಲ್ಲ ಗೊತ್ತಾಗುವುದಿಲ್ಲ, ಆದ್ದರಿಂದ ನಲವತ್ತು ದಾಟಿದವರು ಡಾಕ್ಟರ ಹತ್ತಿರ ಕಣ್ಣಿನ ಪ್ರೆಶರ್ ನೋಡಿಸಿ. ಡ್ರಾಪ್ಸನ್ನು ಉಳಿತಾಯ ಮಾಡಬೇಡಿ. ಇಂಥ ಹೊಸ ಯಂತ್ರ ನಿಮ್ಮ ಪಾಲಿಗೂ ಬಂದರೆ, ನಂಬರು ತೋರಿಸಿ ಎಂದು ಬೇಕಾದರೆ ಜಗಳವಾಡಿ, ಹೋಗಿ ಬರುವ ಖರ್ಚು ಕೊಡಿ ಎಂದು ಕೇಳಿ, ಬಾಗಿಲ ತನಕ ನಡೆಯಿರಿ. ಆದರೆ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿ. ಬೆಲೆಬಾಳುವ ವಸ್ತು ಎಂದು ಟ್ರಂಕಿನಲ್ಲಿಡಬೇಡಿ, ಅದರ ಕೆಲಸ ಎಲ್ಲಿದೆಯೋ ಅಲ್ಲಿಡಿ. ಕೊನೆಯದಾಗಿ, ನಿದ್ದೆ ಹತ್ತಿದಾಗ ನಿಮ್ಮ ಮುಖ ಹೇಗಿರುತ್ತದೆ ಎಂದು ಮನೆಯವರಲ್ಲಿ ಒಬ್ಬರನ್ನು ಕೂರಿಸಿ ನೋಡಿಸಿ. ಅವರು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.